ಯೇಸುವಿನ ಸಿನಿಮಾ: ನೋಡುವ ಮುನ್ನ, ನೋಡಿದ ಮೇಲೆ

ಪ್ರಶ್ನೆ: ನಾವು ಲಿಂಗರಾಜಪುರದಲ್ಲಿರುವ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕುಟುಂಬ. ಈ ಸಲ ಶುಭ ಶುಕ್ರವಾರದ ಸಂಜೆ ಸಭೆಯ ಹಾಲ್‌ನಲ್ಲಿ ಯೇಸುಸ್ವಾಮಿಯ ಜೀವನದ ಸಿನಿಮಾ ಹಾಕಬೇಕೆಂದು ಯುವಜನರು ಹೊರಟಿದ್ದಾರೆ. ಸಭೆಯ ಹಿರಿಯರೊಬ್ಬರು ‘ಇದು ಎರಡನೇ ಆಜ್ಞೆಗೆ ವಿರುದ್ಧ, ನಾನಂತೂ ಬರುವುದಿಲ್ಲ’ ಎಂದುಬಿಟ್ಟಿದ್ದಾರೆ. ನನ್ನ ಹೆಂಡತಿಯ ತವರಿನವರು ಕ್ಯಾಥೊಲಿಕರು. ಅವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ನಮ್ಮ ಮಕ್ಕಳು (ಮಗಳಿಗೆ 13, ಮಗನಿಗೆ 8) ಮೊಬೈಲಿನಲ್ಲಿ ಯೇಸುವಿನ ಧಾರಾವಾಹಿ ನೋಡುತ್ತಾರೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ನಟನ ಮುಖವೇ ಬರುತ್ತದೆ ಎಂದು ಮಗಳು ಹೇಳಿದ ಮೇಲೆ ನನಗೂ ಗೊಂದಲ ಶುರುವಾಗಿದೆ. ಕ್ರೈಸ್ತರು ಇಂಥ ಸಿನಿಮಾ ನೋಡಬಹುದೇ?

ಉತ್ತರ: ನೋಡಬಹುದು, ಮೂರು ಷರತ್ತಿನ ಮೇಲೆ. ಆರಾಧನೆಯ ಜಾಗಕ್ಕೆ ಸಿನಿಮಾ ಬರಬಾರದು. ಸುವಾರ್ತೆ ಓದದೆ ಸಿನಿಮಾ ನೋಡಬಾರದು. ಮನಸ್ಸು ಒಪ್ಪದವರನ್ನು ಎಳೆತಂದು ಕೂರಿಸಬಾರದು. ನಿಮ್ಮ ಸಭೆಯ ಹಿರಿಯರ ಆಕ್ಷೇಪಕ್ಕೆ ಸಾವಿರದ ಏಳುನೂರು ವರ್ಷಗಳ ಹಿನ್ನೆಲೆಯಿದೆ, ಅದನ್ನು ಹಳೇ ಕಾಲದವರ ಹಟವೆಂದು ತಳ್ಳಿಹಾಕುವಂತಿಲ್ಲ. ಆದರೆ ಅವರು ಹೆದರುತ್ತಿರುವ ಕಡೆಗಿಂತ ಅಪಾಯ ಇನ್ನೊಂದು ಕಡೆ ಹೆಚ್ಚಿದೆ ಎಂಬುದು ನಮ್ಮ ಅಭಿಪ್ರಾಯ. ಸುವಾರ್ತೆಗಳು ಎಲ್ಲಿ ಸುಮ್ಮನಿವೆಯೋ ಅಲ್ಲಿ ಸಿನಿಮಾ ಮಾತಾಡುತ್ತದೆ. ನಾಲ್ಕು ವರ್ಷ ಕಳೆದ ಮೇಲೆ ಯಾವುದು ಲೂಕ ಬರೆದದ್ದು, ಯಾವುದು ಚಿತ್ರಕಥೆಯವರು ಸೇರಿಸಿದ್ದು ಎಂದು ನೆನಪು ಬೇರ್ಪಡಿಸಿ ಕೊಡುವುದಿಲ್ಲ.

ಮೊದಲು ಹಿರಿಯರ ಮಾತು. ಅವರು ಹೇಳುತ್ತಿರುವುದು ವಿಮೋಚನಕಾಂಡ 20:4–5, ಯಾವುದರ ರೂಪವನ್ನೂ ಮಾಡಿಕೊಂಡು ಅದಕ್ಕೆ ಅಡ್ಡಬೀಳಬಾರದೆಂಬ ಆಜ್ಞೆ. ಅದಕ್ಕೆ ಕಾರಣ ಧರ್ಮೋಪದೇಶಕಾಂಡ 4:15ರಲ್ಲಿದೆ: ಹೋರೇಬ್ ಬೆಟ್ಟದಲ್ಲಿ ದೇವರು ಬೆಂಕಿಯೊಳಗಿಂದ ಮಾತಾಡಿದಾಗ ಜನರಿಗೆ ಸ್ವರ ಕೇಳಿಸಿತು, ಯಾವ ಆಕಾರವೂ ಕಾಣಲಿಲ್ಲ, ಆದ್ದರಿಂದ ಆಕಾರ ಮಾಡಿಕೊಳ್ಳಬೇಡಿ. ಇಲ್ಲಿ ಸಣ್ಣದೊಂದು ಸಂಗತಿ ಗೊತ್ತಿದ್ದರೆ ನಿಮ್ಮ ಮನೆಯ ಅರ್ಧ ವಾದ ನಿಲ್ಲುತ್ತದೆ. ಕ್ಯಾಥೊಲಿಕರೂ ಲುಥೆರನ್ನರೂ ಹತ್ತು ಆಜ್ಞೆಗಳನ್ನು ಎಣಿಸುವಾಗ ವಿಗ್ರಹದ ಮಾತು ಮೊದಲನೇ ಆಜ್ಞೆಯೊಳಗೇ ಸೇರುತ್ತದೆ. ಅವರ ಎರಡನೇ ಆಜ್ಞೆ ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದು. ನಿಮ್ಮ ಮಾವನವರ ಮುಂದೆ ‘ಎರಡನೇ ಆಜ್ಞೆ’ ಎಂದರೆ ಅವರಿಗೆ ಅರ್ಥವಾಗುವುದೇ ಬೇರೆ.

ಈ ವಚನ ಕ್ರಿಸ್ತನ ಚಿತ್ರಕ್ಕೂ ತಗಲುತ್ತದೆಯೇ ಎಂಬುದು ಸಭೆಯಲ್ಲಿ ಬಹಳ ಹಿಂದಿನಿಂದ ನಡೆದ ಜಗಳ. ಸುಮಾರು 305ರಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಸಭಾಧ್ಯಕ್ಷರು ಚರ್ಚಿನ ಗೋಡೆಯ ಮೇಲೆ ಚಿತ್ರಗಳು ಬೇಡವೆಂದರು. ಸುಮಾರು 600ರಲ್ಲಿ ಮಾರ್ಸೇಲ್ಸ್‌ನ ಬಿಷಪ್ ಚಿತ್ರಗಳನ್ನು ಒಡೆಸಿದಾಗ ಪೋಪ್ ಮಹಾ ಗ್ರೆಗೊರಿ ಅವರಿಗೆ ಕಾಗದ ಬರೆದರು: ಜನ ಚಿತ್ರವನ್ನು ಪೂಜಿಸದಂತೆ ತಡೆದದ್ದು ಸರಿ, ಒಡೆದದ್ದು ತಪ್ಪು, ಓದು ಬಾರದವರು ಪುಸ್ತಕದಲ್ಲಿ ಓದಲಾಗದ್ದನ್ನು ಗೋಡೆಯ ಮೇಲೆ ಓದುತ್ತಾರೆ. ಆಮೇಲೆ 754ರ ಹಿಯೆರಿಯಾ ಸಭೆ ಚಿತ್ರಗಳ ವಿರುದ್ಧ ಇವತ್ತಿಗೂ ಬಳಕೆಯಲ್ಲಿರುವ ವಾದವೊಂದನ್ನು ಮುಂದಿಟ್ಟಿತು. ಕ್ರಿಸ್ತನ ದೈವತ್ವವನ್ನು ಬರೆದೆ ಎಂದು ಚಿತ್ರಕಾರ ಹೇಳಿದರೆ ಮಿತಿಯಿಲ್ಲದ್ದಕ್ಕೆ ಮಿತಿ ಹಾಕಿದ ಹಾಗೆ. ಮನುಷ್ಯತ್ವವನ್ನಷ್ಟೇ ಬರೆದೆ ಎಂದರೆ ಒಬ್ಬನೇ ಕ್ರಿಸ್ತನನ್ನು ಎರಡಾಗಿ ಸೀಳಿದ ಹಾಗೆ. 787ರ ಎರಡನೇ ನೈಸಿಯಾ ಸಭೆ ಅದನ್ನು ತಿರಸ್ಕರಿಸಿತು. ವಾಕ್ಯವು (ಅಂದರೆ ಕ್ರಿಸ್ತನು) ಮನುಷ್ಯನಾಗಿ ಬಂತೆಂದು ಯೋಹಾನ 1:14 ಹೇಳುತ್ತದೆ, ಕಣ್ಣಾರೆ ಕಂಡೆವು, ಕೈಯಾರೆ ಮುಟ್ಟಿದೆವು ಎಂದು 1 ಯೋಹಾನ 1:1 ಹೇಳುತ್ತದೆ. ಹೋರೇಬಿನಲ್ಲಿ ಕಾಣದಿದ್ದ ಆಕಾರ ಬೆತ್ಲೆಹೇಮಿನಲ್ಲಿ ಕಂಡಿದೆ, ಕಂಡವನನ್ನು ಬರೆಯಬಹುದು. ಚಿತ್ರಕ್ಕೆ ಸಲ್ಲುವ ಗೌರವ ಬೇರೆ, ದೇವರಿಗೆ ಮಾತ್ರ ಸಲ್ಲುವ ಆರಾಧನೆ ಬೇರೆ. ನಿಮ್ಮ ಹೆಂಡತಿಯ ತವರಿನವರು ನಿಂತಿರುವ ನೆಲ ಇದು.

16ನೇ ಶತಮಾನದಲ್ಲಿ, ಪ್ರೊಟೆಸ್ಟಂಟ್ ಸುಧಾರಣೆಯ ಕಾಲದಲ್ಲಿ, ಜಗಳ ಮತ್ತೆ ಎದ್ದಿತು, ಸುಧಾರಕರೊಳಗೇ ಒಮ್ಮತ ಇರಲಿಲ್ಲ. 1522ರಲ್ಲಿ ವಿಟ್ಟೆನ್‌ಬರ್ಗ್‌ನಲ್ಲಿ ಚಿತ್ರ ಒಡೆಯುವವರನ್ನು ಲೂಥರ್ ತಡೆದರು. ಕ್ಯಾಲ್ವಿನ್ ಮಾತ್ರ ಬಿಗಿಯಾಗಿ ನಿಂತರು. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದ (ಪ್ರಶ್ನೆ–ಉತ್ತರದ ರೂಪದಲ್ಲಿ ನಂಬಿಕೆ ಕಲಿಸುವ ಪುಸ್ತಕ) 98ನೇ ಪ್ರಶ್ನೆ ಗ್ರೆಗೊರಿಯವರ ಕಾಗದಕ್ಕೇ ಕೊಟ್ಟ ಉತ್ತರದಂತಿದೆ: ದೇವರು ತನ್ನ ಜನಕ್ಕೆ ಕಲಿಸುವುದು ಮೂಕ ಪ್ರತಿಮೆಗಳಿಂದಲ್ಲ, ಜೀವಂತವಾದ ವಾಕ್ಯಪ್ರಸಂಗದಿಂದ. (ಸಿನಿಮಾ ಮೂಕವಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಆ ಕಾಲದವರ ಬಳಿ ಉತ್ತರವಿರಲಿಲ್ಲ.) ಎಲ್ಲರಿಗಿಂತ ಕಟ್ಟುನಿಟ್ಟು ವೆಸ್ಟ್‌ಮಿನ್‌ಸ್ಟರ್‌ನ ದೊಡ್ಡ ಪ್ರಶ್ನೋತ್ತರದ 109ನೆಯದು. ತ್ರಿಯೇಕ ದೇವರಲ್ಲಿ ಯಾರ ರೂಪವನ್ನೂ ಹೊರಗೂ ಮಾಡಬಾರದು, ಮನಸ್ಸಿನೊಳಗೂ ಕಲ್ಪಿಸಿಕೊಳ್ಳಬಾರದು ಎನ್ನುತ್ತದೆ ಅದು.

ಇದೆಲ್ಲ ದೂರದ ದೇಶದ ಕಥೆ ಎಂದುಕೊಳ್ಳಬೇಡಿ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಒಂದಾದಾಗ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್–ಕಾಂಗ್ರಿಗೇಶನಲ್ ಪರಂಪರೆಯವರು ಒಂದೇ ಸೂರಿನಡಿ ಬಂದರು. ಬೆಂಗಳೂರಿನಲ್ಲೇ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್‌ನ ಮೂಲ ಆಂಗ್ಲಿಕನ್, ಹಡ್ಸನ್ ಸ್ಮಾರಕ ದೇವಾಲಯದ ಮೂಲ ವೆಸ್ಲಿಯನ್ ಮೆಥೊಡಿಸ್ಟ್, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯದ ಮೂಲ ಲಂಡನ್ ಮಿಷನ್ (ಕಾಂಗ್ರಿಗೇಶನಲ್ ಪರಂಪರೆ). ಒಂದೇ ಪಾಸ್ಟರೇಟ್ ಕಮಿಟಿಯಲ್ಲಿ ಕೂತ ಇಬ್ಬರು ಈ ವಿಷಯದಲ್ಲಿ ಎರಡು ದಿಕ್ಕು ನೋಡಿದರೆ ಇಬ್ಬರೂ ಸಿಎಸ್‌ಐನವರೇ. ಬ್ರದರನ್ ಸಭೆಗಳಲ್ಲಿ, ಹಲವು ಪೆಂತೆಕೊಸ್ತ್ ಸಭೆಗಳಲ್ಲಿ ಗೋಡೆ ಖಾಲಿ ಇರುವುದೂ ಇದೇ ಕಾರಣಕ್ಕೆ.

ಸಿನಿಮಾದ ಬಗೆಗೂ ಹಿರಿಯರ ಅಳುಕು ಹೊಸದಲ್ಲ. ಬ್ರಿಟಿಷ್ ಸೆನ್ಸಾರ್ ಮಂಡಳಿ 1913ರಲ್ಲಿ ಕೆಲಸ ಶುರುಮಾಡಿದಾಗ ಅದರ ಬಳಿ ಇದ್ದದ್ದು ಎರಡೇ ನಿಯಮ: ನಗ್ನತೆ ಕೂಡದು, ಕ್ರಿಸ್ತನ ಪಾತ್ರವನ್ನು ತೆರೆಯ ಮೇಲೆ ತರಕೂಡದು. 1959ರ ‘ಬೆನ್-ಹರ್’ನಲ್ಲೂ ಯೇಸುವಿನ ಮುಖ ಒಮ್ಮೆಯೂ ಕಾಣುವುದಿಲ್ಲ, ಬೆನ್ನು, ಕೈ, ನೀರು ಕುಡಿದವನ ಕಣ್ಣಲ್ಲಿ ಮೂಡುವ ಭಾವ, ಅಷ್ಟೇ. ಯೇಸುವಿನ ಸಿನಿಮಾಗಳಲ್ಲಿ ನಮಗೆ ಅತ್ಯಂತ ಗೌರವದ್ದೆನಿಸುವ ಉಪಾಯ ಇದು, ಯೇಸುವಿನ ಕಥೆಯಲ್ಲದ ಸಿನಿಮಾದಲ್ಲಿ ಇದ್ದರೂ.

ಇನ್ನು ನಮ್ಮ ತೀರ್ಮಾನ. 787ರ ವಾದ ನಮಗೆ ಒಪ್ಪಿಗೆ: ಮನುಷ್ಯನಾದವನನ್ನು ಮನುಷ್ಯನಾಗಿ ತೋರಿಸುವುದೇ ಪಾಪವಲ್ಲ. ಆಜ್ಞೆ ತಡೆಯುವುದು ಅಡ್ಡಬೀಳುವುದಕ್ಕೆ, ಸೇವೆ ಸಲ್ಲಿಸುವುದಕ್ಕೆ ಮಾಡಿಕೊಳ್ಳುವ ರೂಪವನ್ನು. ಹಿರಿಯರೂ ಒಂದನ್ನು ಯೋಚಿಸಬೇಕು. ಸಂಡೇ ಸ್ಕೂಲಿನ ಚಿತ್ರಪಟಗಳು, ಹಾಲ್‌ನ ಕ್ಯಾಲೆಂಡರು, ಡಿಸೆಂಬರಿನ ನಾಟಕದಲ್ಲಿ ಗೋದಲಿಯೊಳಗೆ ಮಲಗಿಸುವ ಬೊಂಬೆ, ಇವನ್ನು ಸಹಿಸಿಕೊಂಡು ಸಿನಿಮಾವನ್ನು ಮಾತ್ರ ಆಜ್ಞೆಯ ಹೆಸರಲ್ಲಿ ತಡೆಯುವುದು ಹೊಂದುವುದಿಲ್ಲ. ಆಜ್ಞೆ ಅಲ್ಲಿಗೆ ತಗಲುವುದಾದರೆ ಇಲ್ಲಿಗೂ ತಗಲಬೇಕು.

ಹಾಗೆಂದು ಐಕಾನಿಗೆ (ಚರ್ಚಿನಲ್ಲಿ ಗೌರವಿಸುವ ಪವಿತ್ರ ಚಿತ್ರಕ್ಕೆ) ಸಿಕ್ಕ ಅನುಮತಿ ಸಿನಿಮಾಕ್ಕೂ ತಾನಾಗಿ ಸಿಗುತ್ತದೆ ಎಂದು ಭಾವಿಸುವುದೂ ತಪ್ಪು. ಐಕಾನಿಗೆ ಕಟ್ಟುಪಾಡಿದೆ: ಮುಖದ ರೀತಿ ನಿಗದಿ, ಹೆಸರು ಬರೆದಿರಲೇಬೇಕು, ನಿಜವಾದ ಮುಖದಂತೆ ಕಾಣಿಸುವ ಹಂಬಲವೇ ಇಲ್ಲ. ಸಿನಿಮಾದಲ್ಲಿ ಹಾಗಲ್ಲ. ಅಲ್ಲಿ ಇನ್ನೊಬ್ಬ ಮನುಷ್ಯ ತನ್ನ ದನಿ, ನಡಿಗೆ, ನಗು ಹಚ್ಚಿ ‘ನಾನೇ ಅವನು’ ಎನ್ನುತ್ತಾನೆ, ನೋಡುವವನು ಎರಡು ತಾಸು ಅದನ್ನು ನಂಬಬೇಕೆಂಬುದೇ ಆ ಕಲೆಯ ಉದ್ದೇಶ. ಮೇಲಾಗಿ ನಮ್ಮ ನೆಲದಲ್ಲಿ ತೆರೆಯ ಮೇಲಿನ ದೇವರಿಗೆ ಕೈ ಮುಗಿಯುವ ಅಭ್ಯಾಸ ಮೊದಲೇ ಬೇರೂರಿದೆ. ತಿರುಪತಿಗೆ ಹೋದವರು ಮದರಾಸಿಗೂ ಹೋಗಿ ಎನ್‌ಟಿಆರ್ ಮನೆ ಮುಂದೆ ದರ್ಶನಕ್ಕೆ ನಿಲ್ಲುತ್ತಿದ್ದ ಕಾಲವಿತ್ತು. ಭಾರತದ ಪೌರಾಣಿಕ ಚಿತ್ರಗಳ ಹುಟ್ಟೇ ಯೇಸುವಿನ ಸಿನಿಮಾದಿಂದ ಆಯಿತೆಂಬುದು ಕುತೂಹಲದ ಸಂಗತಿ: ದಾದಾಸಾಹೇಬ್ ಫಾಲ್ಕೆ ಬೊಂಬಾಯಿಯಲ್ಲಿ ಕ್ರಿಸ್ತನ ಜೀವನದ ಮೂಕಿಚಿತ್ರ ನೋಡುತ್ತಾ ರಾಮನನ್ನೂ ಕೃಷ್ಣನನ್ನೂ ಹೀಗೆ ತೆರೆಗೆ ತರಬೇಕೆಂದು ಯೋಚಿಸಿದರು, 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಬಂತು. 1978ರ ತೆಲುಗಿನ ‘ಕರುಣಾಮಯುಡು’ ಚಿತ್ರದಲ್ಲಿ ಆ ಪೌರಾಣಿಕ ಶೈಲಿಯೇ ಯೇಸುವಿನ ಕಡೆಗೆ ಮರಳಿ ಬಂತು. ಆದ್ದರಿಂದ ದೂರದ ದೇಶದವರಿಗೆ ಪುಸ್ತಕದ ಪ್ರಶ್ನೆಯಾಗಿರುವುದು ಬೆಂಗಳೂರಿನ ಹಾಲ್‌ನಲ್ಲಿ ಕಣ್ಣೆದುರಿನ ಪ್ರಶ್ನೆ. ಸಿನಿಮಾದ ಸ್ತಬ್ಧಚಿತ್ರವನ್ನು ಮುದ್ರಿಸಿ ಗೋಡೆಗೆ ಹಾಕಬೇಡಿ, ಹಾಡಿನ ಸಾಲುಗಳ ಹಿಂದೆ ನಟನ ಮುಖ ಇಟ್ಟು ಪರದೆಗೆ ಬಿಡಬೇಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ಜನ ಎದ್ದು ನಿಂತು ಹಾಡುವಾಗ ಎದುರಿಗೆ ಏನಿದೆ ಎಂಬುದು ಮುಖ್ಯ.

ಈಗ ನಾವು ಹೆಚ್ಚು ದೊಡ್ಡದೆಂದ ಅಪಾಯ. ಸುವಾರ್ತೆಗಳು ಯೇಸುವಿನ ಎತ್ತರ, ಬಣ್ಣ, ಕೂದಲು, ಕಣ್ಣು ಯಾವುದನ್ನೂ ಹೇಳುವುದಿಲ್ಲ. ಕೊರಡೆಯ ಹೊಡೆತಕ್ಕೆ ಮತ್ತಾಯ 27:26, ಮಾರ್ಕ 15:15, ಯೋಹಾನ 19:1 ಕೊಡುವುದು ತಲಾ ಒಂದು ವಚನ, ಅದರಲ್ಲೂ ಒಂದೇ ಕ್ರಿಯಾಪದ. 2004ರ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ನಲ್ಲಿ ಅದೇ ಹೊಡೆತ ನಿಮಿಷಗಟ್ಟಲೆ ನಡೆಯುತ್ತದೆ. ಸುವಾರ್ತೆಯವರು ನೋವನ್ನು ಮುಚ್ಚಿಡಲಿಲ್ಲ. ಅವರ ಓದುಗರು ಶಿಲುಬೆಯನ್ನು ಊರ ಬಾಗಿಲಲ್ಲೇ ಕಂಡವರು, ವಿವರಿಸುವ ಅಗತ್ಯವಿರಲಿಲ್ಲ. ಅವರು ಒತ್ತಿ ಹೇಳಿದ್ದು ಅವಮಾನವನ್ನು: ಮುಳ್ಳಿನ ಕಿರೀಟ, ಹಾಸ್ಯದ ನಿಲುವಂಗಿ, ಉಗುಳು, ದಾರಿಹೋಕರ ಮೂದಲಿಕೆ. ಸಿನಿಮಾಕ್ಕೆ ರಕ್ತ ಸುಲಭ, ಅವಮಾನ ಕಷ್ಟ. ನೋಡಿ ಬಂದವರಿಗೆ ನೆನಪಿನಲ್ಲಿ ಉಳಿಯುವುದು ಕೊರಡೆಯೇ.

ಅದೇ ಸಿನಿಮಾದಲ್ಲಿ ಗೆತ್ಸೆಮನೆ ತೋಟದಲ್ಲಿ ಯೇಸು ಹಾವನ್ನು ತುಳಿಯುತ್ತಾನೆ, ಸೈನಿಕರು ಅವನನ್ನು ಸರಪಳಿ ಸಮೇತ ಸೇತುವೆಯಿಂದ ಕೆಳಕ್ಕೆ ತಳ್ಳುತ್ತಾರೆ, ರೋಮನ್ ಅಧಿಪತಿ ಪಿಲಾತನ ಹೆಂಡತಿ ಯೇಸುವಿನ ತಾಯಿ ಮರಿಯಳಿಗೆ ಬಟ್ಟೆ ತಂದುಕೊಡುತ್ತಾಳೆ, ಕಾಗೆ ಕಳ್ಳನ ಕಣ್ಣು ಕುಕ್ಕುತ್ತದೆ. ಇವು ಯಾವ ಸುವಾರ್ತೆಯಲ್ಲೂ ಇಲ್ಲ. ಸೇತುವೆ, ಬಟ್ಟೆಯಂಥ ದೃಶ್ಯಗಳ ಮೂಲ ಜರ್ಮನಿಯ ಸನ್ಯಾಸಿನಿ ಆನ್ ಕ್ಯಾಥರೀನ್ ಎಮ್ಮೆರಿಕ್ ಅವರ ದರ್ಶನಗಳೆಂದು 1833ರಲ್ಲಿ ಅಚ್ಚಾದ ಪುಸ್ತಕ. ಭಕ್ತಿಸಾಹಿತ್ಯವಾಗಿ ಅದನ್ನು ಓದುವವರಿದ್ದಾರೆ. ಸತ್ಯವೇದದ ವಾಕ್ಯವೆಂದು ತಿಳಿದು ನೋಡಿದರೆ ತೊಂದರೆ.

ಬೆರಕೆ ಯಾವಾಗಲೂ ಇಷ್ಟು ಎದ್ದು ಕಾಣುವುದಿಲ್ಲ. ಶಿಲುಬೆಯ ಮೇಲಿನ ಏಳು ಮಾತುಗಳನ್ನು ತೆಗೆದುಕೊಳ್ಳಿ. ಲೂಕನಲ್ಲಿ ಮೂರು (23:34, 43, 46), ಯೋಹಾನನಲ್ಲಿ ಮೂರು (19:26–27, 28, 30), ಮತ್ತಾಯ–ಮಾರ್ಕರಲ್ಲಿ ಒಂದೇ ಒಂದು: ‘ನನ್ನ ದೇವರೇ, ಏಕೆ ಕೈಬಿಟ್ಟೆ’ ಎಂಬ ಕೂಗು. ಸಿನಿಮಾ ಏಳನ್ನೂ ಒಬ್ಬನ ಬಾಯಲ್ಲಿ ಹತ್ತು ನಿಮಿಷದೊಳಗೆ ಹೇಳಿಸಿದರೆ ಮಾರ್ಕನ ಭಯಂಕರ ಮೌನ, ಒಂದೇ ಕೂಗು, ಮತ್ತೆ ಮೌನ, ಕಳೆದುಹೋಗುತ್ತದೆ. ನಮ್ಮ ಶುಭ ಶುಕ್ರವಾರದ ಮೂರು ತಾಸಿನ ಆರಾಧನೆಯೂ ಏಳನ್ನು ಪೋಣಿಸಿಕೊಂಡೇ ನಡೆಯುತ್ತದೆ, ಹಾಗಾಗಿ ಪೋಣಿಸುವುದೇ ತಪ್ಪೆನ್ನಲಾಗದು. ಆದರೆ ಪ್ರಸಂಗಿ ಪ್ರತಿ ಮಾತಿಗೂ ವಚನ ಹೇಳುತ್ತಾರೆ, ಸಿನಿಮಾ ಹೇಳುವುದಿಲ್ಲ. ಜ್ಞಾನಿಗಳು ಮೂವರೆಂದು ಮತ್ತಾಯ ಹೇಳಿಲ್ಲ. ಅವರು ಬಂದದ್ದು ಮನೆಗೆ (2:11), ಕುರುಬರ ಪಕ್ಕದಲ್ಲಿ ಕೊಟ್ಟಿಗೆಗೆ ಅಲ್ಲ. ಮಗ್ದಲದ ಮರಿಯಳು ವೇಶ್ಯೆಯೆಂದು ಎಲ್ಲೂ ಇಲ್ಲ. ಲೂಕ 8:2ರ ಪ್ರಕಾರ ಅವಳಿಂದ ಏಳು ದೆವ್ವಗಳು ಬಿಟ್ಟುಹೋಗಿದ್ದವು. 7ನೇ ಅಧ್ಯಾಯದ ಪಾಪಿ ಹೆಂಗಸಿನ ಜೊತೆ ಅವಳನ್ನು ಬೆರೆಸಿದ್ದು ಅದೇ ಮಹಾ ಗ್ರೆಗೊರಿಯವರ 591ರ ಪ್ರಸಂಗದಿಂದ ಪಶ್ಚಿಮದಲ್ಲಿ ಗಟ್ಟಿಯಾಯಿತು. 1969ರಲ್ಲಿ ಕ್ಯಾಥೊಲಿಕ್ ಸಭೆಯ ಸಂತರ ಪಂಚಾಂಗವೇ ಅದನ್ನು ಬಿಡಿಸಿತು. ಸಿನಿಮಾದವರು ಇನ್ನೂ ಬಿಟ್ಟಿಲ್ಲ.

ದನಿಯದ್ದು ಇನ್ನೂ ಸೂಕ್ಷ್ಮ. ಮತ್ತಾಯ 15:26ರಲ್ಲಿ ಕಾನಾನ್ಯ ಹೆಂಗಸಿಗೆ ಯೇಸು, ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಎನ್ನುತ್ತಾನೆ. ನಟ ಅದನ್ನು ಗಂಭೀರವಾಗಿ ಹೇಳಿದರೆ ನಂಬಿಕೆಯ ಪರೀಕ್ಷೆ, ಸಣ್ಣ ನಗುವಿನೊಂದಿಗೆ ಹೇಳಿದರೆ ಅವಳ ಜಾಣ ಉತ್ತರಕ್ಕೆ ಕೊಟ್ಟ ಅವಕಾಶ, ಶಿಷ್ಯರತ್ತ ನೋಡಿ ಹೇಳಿದರೆ ಅವರ ಮನಸ್ಸಿನಲ್ಲಿರುವುದನ್ನು ಬಯಲಿಗೆಳೆಯುವ ಮಾತು. ಮೂರೂ ವ್ಯಾಖ್ಯಾನಗಳು, ಮೂರಕ್ಕೂ ಪಂಡಿತರಿದ್ದಾರೆ. ಪುಸ್ತಕ ಓದುವವನು ಅಲ್ಲಿ ತಡೆದು ನಿಲ್ಲಬೇಕಾಗುತ್ತದೆ. ಸಿನಿಮಾ ನೋಡುವವನಿಗೆ ನಿರ್ದೇಶಕ ಆಗಲೇ ನಿರ್ಧರಿಸಿ ಕೊಟ್ಟಾಗಿದೆ. ಆದ್ದರಿಂದ ಯೇಸುವಿನ ಸಿನಿಮಾವನ್ನು ಪ್ರಸಂಗವೆಂದು ಎಣಿಸಿ, ಪ್ರಸಂಗವನ್ನು ಪರೀಕ್ಷಿಸುವ ಹಾಗೆ ಪರೀಕ್ಷಿಸಿ. ಬೆರೋಯದವರು ಪೌಲನ ಮಾತನ್ನೇ ದಿನಾ ಶಾಸ್ತ್ರದಲ್ಲಿ ಹುಡುಕಿ ನೋಡಿದರು (ಅಪೊಸ್ತಲರ ಕೃತ್ಯಗಳು 17:11).

ಯೆಹೂದ್ಯರನ್ನು ತೋರಿಸುವ ರೀತಿಯನ್ನೂ ಗಮನಿಸಿ. ಯುರೋಪಿನಲ್ಲಿ ಕ್ರಿಸ್ತನ ಯಾತನೆಯ ನಾಟಕ ನೋಡಿ ಬಂದ ಜನ ಯೆಹೂದ್ಯರ ಕೇರಿಗೆ ನುಗ್ಗಿದ ಚರಿತ್ರೆಯಿದೆ. ಕ್ರಿಸ್ತನ ಮರಣದ ಹೊಣೆಯನ್ನು ಆಗಿನ ಎಲ್ಲ ಯೆಹೂದ್ಯರ ಮೇಲಾಗಲಿ ಈಗಿನವರ ಮೇಲಾಗಲಿ ಹೊರಿಸಬಾರದೆಂದು ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಮಹಾಯಾಜಕರೆಲ್ಲ ಕೊಂಕು ಮೂಗಿನ ಖಳನಾಯಕರು, ಪಿಲಾತನೊಬ್ಬ ಅಮಾಯಕ ಎಂಬಂತೆ ತೋರಿಸುವ ಸಿನಿಮಾ ಅರ್ಧ ಸತ್ಯ ಹೇಳುತ್ತಿದೆ.

ಯಾವುದನ್ನು ಆರಿಸಬೇಕು? ಸಭೆಗೆ, ಮಕ್ಕಳಿಗೆ, ಸುವಾರ್ತೆಯ ಪಠ್ಯವನ್ನು ಬಿಡದೆ ಹಿಡಿದವೇ ಒಳ್ಳೆಯವು. 2003ರ ‘ದಿ ಗಾಸ್ಪೆಲ್ ಆಫ್ ಜಾನ್’ ಮೂರು ತಾಸಿನದು, ಯೋಹಾನನ ಪಠ್ಯವನ್ನೇ ಮೊದಲಿಂದ ಕೊನೆಯವರೆಗೆ ಹೇಳುತ್ತದೆ. 1993ರಲ್ಲಿ ಮತ್ತಾಯನದ್ದೂ ಹೀಗೇ ಬಂತು, ನಾಲ್ಕು ತಾಸಿಗೂ ಉದ್ದ. ಒಂದೇ ಕೂರಿಕೆಗೆ ಆಗದು. 1979ರ ‘ಜೀಸಸ್’ ಲೂಕನನ್ನು ಆಧರಿಸಿದೆ, ಸುಮಾರು ಎರಡು ತಾಸು, 2000ಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿದೆ, ಕನ್ನಡದಲ್ಲೂ ಇದೆ. ಕಲೆಯ ದೃಷ್ಟಿಯಿಂದ ಸ್ವಲ್ಪ ಸಪ್ಪೆ. ಅದೇ ಅದರ ಗುಣ, ನಟ ಪಠ್ಯವನ್ನು ಮೀರಿ ಎದ್ದು ಕಾಣುವುದಿಲ್ಲ. ಇಟಲಿಯ ಪಸೋಲಿನಿಯ 1964ರ ಕಪ್ಪುಬಿಳುಪು ಚಿತ್ರ ‘ದಿ ಗಾಸ್ಪೆಲ್ ಅಕಾರ್ಡಿಂಗ್ ಟು ಸೇಂಟ್ ಮ್ಯಾಥ್ಯೂ’ನಲ್ಲಿ ಮಾತುಗಳೆಲ್ಲ ಮತ್ತಾಯನವು. ನಿರ್ದೇಶಕ ನಾಸ್ತಿಕ, ಮಾರ್ಕ್ಸ್‌ವಾದಿ; ಸಿನಿಮಾಕ್ಕೆ ನೂರು ತುಂಬಿದ 1995ರಲ್ಲಿ ವ್ಯಾಟಿಕನ್ ಆರಿಸಿದ 45 ಚಿತ್ರಗಳ ಪಟ್ಟಿಯಲ್ಲಿ ಅದೂ ಇದೆ. ದೊಡ್ಡವರ ಚರ್ಚೆಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. 1977ರ ‘ಜೀಸಸ್ ಆಫ್ ನಜರೆತ್’ ಆರು ತಾಸಿಗೂ ಹೆಚ್ಚಿನದು, ನಾಲ್ಕೂ ಸುವಾರ್ತೆಗಳನ್ನು ಬೆರೆಸಿದ್ದು. ಮನೆಯಲ್ಲಿ ಭಾಗ ಭಾಗವಾಗಿ ನೋಡಲು ಸರಿ.

ನಿಮ್ಮ ಮಕ್ಕಳು ನೋಡುತ್ತಿರುವ ಧಾರಾವಾಹಿ ‘ದಿ ಚೋಸನ್’ ಇರಬೇಕು. ಅದು ಪ್ರಾಮಾಣಿಕವಾಗಿ ಮೊದಲ ಕಂತಿನ ಆರಂಭದಲ್ಲೇ ಹೇಳಿಬಿಡುತ್ತದೆ: ಹಿನ್ನೆಲೆಗಳನ್ನೂ ಕೆಲವು ಪಾತ್ರ, ಮಾತುಗಳನ್ನೂ ಸೇರಿಸಿದ್ದೇವೆ, ನೀವು ಸುವಾರ್ತೆಗಳನ್ನು ಓದಿ. ಮಕ್ಕಳು ಆ ಅಕ್ಷರಗಳನ್ನು ದಾಟಿಸಿಬಿಡುತ್ತಾರೆ. ಪೇತ್ರನ ಸಾಲದ ಕಥೆ, ಆಟಿಸಂ ಇರುವಂತೆ ತೋರಿಸಿದ ಮತ್ತಾಯ, ಇವು ಬರಹಗಾರರ ಕಲ್ಪನೆ. ಕೆಟ್ಟ ಕಲ್ಪನೆಯೇನಲ್ಲ. ಆದರೆ ಎರಡು ತಾಸಿನ ಸಿನಿಮಾಕ್ಕಿಂತ ಹತ್ತಾರು ತಾಸಿನ ಧಾರಾವಾಹಿ ಆಳಕ್ಕಿಳಿಯುತ್ತದೆ, ಒಂದೇ ಮುಖ ವರ್ಷಗಟ್ಟಲೆ ಮನೆಯೊಳಗಿರುತ್ತದೆ. ನಿಮ್ಮ ಮಗಳಿಗೆ ಆಗಿರುವುದು ಅದೇ.

ಅವಳನ್ನು ಗದರಿಸಬೇಡಿ, ‘ಆ ಮುಖ ನೆನೆಯಬೇಡ’ ಎಂದೂ ಹೇಳಬೇಡಿ; ನೆನೆಯಬೇಡ ಎಂದಷ್ಟೂ ಅದು ಬರುತ್ತದೆ. ಮೊದಲನೆಯದಾಗಿ, ಕೆಲವು ವಾರ ಧಾರಾವಾಹಿ ನಿಲ್ಲಲಿ. ಆ ಹೊತ್ತಿನಲ್ಲಿ ಮಾರ್ಕನ ಸುವಾರ್ತೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. 16 ಅಧ್ಯಾಯ, ದಿನಕ್ಕೊಂದಾದರೆ 16 ದಿನ. ಅವಳೇ ಓದಲಿ, ತನ್ನದೇ ದನಿಯಲ್ಲಿ ಯೇಸುವಿನ ಮಾತು ಕೇಳಿಸಿದಾಗ ನಟನ ದನಿ ಹಿಂದೆ ಸರಿಯುತ್ತದೆ. ಪ್ರಾರ್ಥನೆ ಕೆಲವು ದಿನ ಕಣ್ಣು ತೆರೆದು, ಕೀರ್ತನೆಯ ಸಾಲುಗಳನ್ನು ಹಿಡಿದು ನಡೆಯಲಿ, ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಲಿ. ಆಮೇಲೆ ಒಂದು ದಿನ ಒಂದೇ ದೃಶ್ಯವನ್ನು ಎರಡು ಬೇರೆ ಸಿನಿಮಾಗಳಿಂದ ತೋರಿಸಿ. ಬಿರುಗಾಳಿ ಶಾಂತಪಡಿಸಿದ್ದು ಒಳ್ಳೆಯ ಆಯ್ಕೆ. ಇಬ್ಬರು ನಟರು, ಎರಡು ಮುಖ, ಎರಡು ದನಿ. ಇಬ್ಬರೂ ಯೇಸುವಲ್ಲ ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಈ ಉಪಾಯ 8ರ ಮಗನಿಗೆ ಇನ್ನೂ ಹೆಚ್ಚು ಬೇಕು, ಆ ವಯಸ್ಸಿನಲ್ಲಿ ನಟನೂ ಪಾತ್ರವೂ ಸುಲಭವಾಗಿ ಒಂದಾಗಿಬಿಡುತ್ತವೆ. ಮಗನಿಗೆ ಶಿಲುಬೆಯ ದೃಶ್ಯ ಈಗಲೇ ಬೇಡ. 2004ರ ಸಿನಿಮಾವಂತೂ ಮಗಳಿಗೂ ಬೇಡ. ಅಮೆರಿಕದಲ್ಲೇ 17 ವರ್ಷದೊಳಗಿನವರು ಹಿರಿಯರ ಜೊತೆಯಿಲ್ಲದೆ ನೋಡುವಂತಿಲ್ಲವೆಂದು ಗುರುತು ಹಾಕಿದ ಚಿತ್ರ ಅದು.

ಸಭೆಯ ಹಾಲ್‌ಗೆ ಬರೋಣ. ಶುಭ ಶುಕ್ರವಾರ ಬಿಟ್ಟು ಗರಿಗಳ ಭಾನುವಾರದ (ಈಸ್ಟರಿಗೆ ಒಂದು ವಾರ ಮುಂಚಿನದು) ಹಿಂದಿನ ಶನಿವಾರಕ್ಕೆ ಇಟ್ಟುಕೊಳ್ಳಿ. ಮಧ್ಯಾಹ್ನ ಮೂರು ತಾಸು ವಾಕ್ಯ ಕೇಳಿ ಬಂದವರ ಮೇಲೆ ಅದೇ ಸಂಜೆ ಸಿನಿಮಾ ಹಾಕಿದರೆ ಮನಸ್ಸಿನಲ್ಲಿ ಉಳಿಯುವುದು ಸಿನಿಮಾ. ಜಾಗ ದೇವಾಲಯದೊಳಗೆ ಬೇಡ, ಹಾಲ್ ಇರಲಿ. ಮೇಜು, ಶಿಲುಬೆ, ಪ್ರಸಂಗಪೀಠ ಇರುವ ಕಡೆ ಪರದೆ ಕಟ್ಟಬೇಡಿ. ಪೂರ್ತಿ ಸಿನಿಮಾದ ಬದಲು 1979ರ ಲೂಕನ ಚಿತ್ರದಿಂದ ಕೊನೆಯ ಭಾಗ, 35–40 ನಿಮಿಷ ಸಾಕು. ಅದಕ್ಕೆ ಮುಂಚೆ ಲೂಕ 22, 23 ಅಧ್ಯಾಯಗಳನ್ನು ಸತ್ಯವೇದದಿಂದ ಗಟ್ಟಿಯಾಗಿ ಓದಿಸಿ: 71 ಮತ್ತು 56, ಒಟ್ಟು 127 ವಚನ, ಇಬ್ಬರು ಮೂವರು ಹಂಚಿಕೊಂಡರೆ 20 ನಿಮಿಷದೊಳಗೆ ಮುಗಿಯುತ್ತದೆ. ಚಿತ್ರ ಮುಗಿದ ಮೇಲೆ ಪುಸ್ತಕ ಮತ್ತೆ ತೆರೆಯಿಸಿ. ಎಲ್ಲರ ಕೈಗೂ ಒಂದು ಹಾಳೆ ಕೊಟ್ಟು ಮೂರು ಸಂಗತಿ ಬರೆಸಿ: ಲೂಕನಲ್ಲಿದ್ದು ಚಿತ್ರದಲ್ಲಿ ಬಿಟ್ಟುಹೋದದ್ದು, ಚಿತ್ರದಲ್ಲಿದ್ದು ಲೂಕನಲ್ಲಿ ಇಲ್ಲದ್ದು, ನಟನ ದನಿ ಅರ್ಥ ಬದಲಿಸಿದ ಕಡೆ. ಡಬ್ಬಿಂಗ್‌ನಲ್ಲಿ ತುಟಿಗೆ ಹೊಂದಿಸಲು ವಾಕ್ಯ ಮೊಟಕಾಗಿರುತ್ತದೆ, ಅದೂ ಅವರ ಕಣ್ಣಿಗೆ ಬೀಳಲಿ. ಇಲ್ಲಿ ತಪ್ಪುವುದು ಸಾಮಾನ್ಯವಾಗಿ ಒಂದೇ ಕಡೆ: ಚಿತ್ರ ಮುಗಿದ ಕೂಡಲೇ, ಜನ ಅಳುತ್ತಿರುವಾಗಲೇ, ಕೀಬೋರ್ಡ್ ನುಡಿಸಿ ಪ್ರಾರ್ಥನೆಗೆ ಕರೆಯುತ್ತಾರೆ. ಆ ಕಣ್ಣೀರು ಹಿನ್ನೆಲೆ ಸಂಗೀತಕ್ಕೂ ಬಂದಿರಬಹುದು. ಚರ್ಚೆ ಮುಗಿಯಲಿ, ಕಾಫಿ ಕೊಡಿ, ಪ್ರಾರ್ಥನೆ ಆಮೇಲೆ. ಆ ಚಿತ್ರದ ಕೊನೆಯಲ್ಲಿ ಕ್ರಿಸ್ತನನ್ನು ಸ್ವೀಕರಿಸುವ ಪ್ರಾರ್ಥನೆಯೊಂದಿದೆ. ಇಡುವುದೋ ಬಿಡುವುದೋ ಪಾಸ್ಟರ್ ಮೊದಲೇ ನಿರ್ಧರಿಸಲಿ. ಅಕ್ಕಪಕ್ಕದ ಬೇರೆ ಧರ್ಮದವರನ್ನು ಕರೆಯುವುದಾದರೆ ಏನು ತೋರಿಸುತ್ತೀರಿ, ಕೊನೆಯಲ್ಲಿ ಏನಿದೆ ಎಂಬುದನ್ನು ಕರೆಯೋಲೆಯಲ್ಲೇ ಬಿಚ್ಚಿ ಬರೆಯಿರಿ.

ಸಣ್ಣಪುಟ್ಟ ವಿಷಯಗಳೂ ಇವೆ. ಮನೆಯ ಒಟಿಟಿ ಚಂದಾ ಮನೆಬಳಕೆಗೆ ಮಾತ್ರ. ಹಾಲ್‌ನಲ್ಲಿ ಹಾಕಲು ಚಿತ್ರದವರ ಅನುಮತಿ ಬೇಕು, ಟಿಕೆಟ್ ಇಲ್ಲ ಎಂದಮಾತ್ರಕ್ಕೆ ಸರಿಯಾಗುವುದಿಲ್ಲ. ಯೂಟ್ಯೂಬ್‌ನಿಂದ ನೇರವಾಗಿ ಹಾಕಿದರೆ ಶಿಲುಬೆಯ ದೃಶ್ಯದ ನಡುವೆ ಸೋಪಿನ ಜಾಹೀರಾತು ಬರುತ್ತದೆ; ಅಧಿಕೃತ ತಾಣದಿಂದ ಇಳಿಸಿಕೊಂಡು, ಕನ್ನಡ ಧ್ವನಿ ಸರಿಯಿದೆಯೇ ಎಂದು ಅದೇ ಸ್ಪೀಕರಿನಲ್ಲಿ ಹಿಂದಿನ ದಿನ ಕೇಳಿ ನೋಡಿ. ಮಾರ್ಚ್–ಏಪ್ರಿಲಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರೂವರೆಯ ಹೊತ್ತಿಗೆ, ಕಿಟಕಿಗೆ ಪರದೆ ಇಲ್ಲದ ಹಾಲ್‌ನಲ್ಲಿ ಅದಕ್ಕೆ ಮುಂಚೆ ಪ್ರೊಜೆಕ್ಟರ್ ಹಚ್ಚಿ ಪ್ರಯೋಜನವಿಲ್ಲ. ಆರೂವರೆಗೆ ಓದು ಶುರುಮಾಡಿದರೆ ಚಿತ್ರಕ್ಕೆ ಸರಿಯಾಗಿ ಕತ್ತಲಾಗುತ್ತದೆ. ರಾತ್ರಿ 10ರ ನಂತರ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ.

ಹಿರಿಯರ ವಿಷಯ ಉಳಿಯಿತು. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಇಂಥದ್ದಕ್ಕೇ ಇದೆ: ನಂಬಿಕೆಯಿಂದಲ್ಲದೆ ಮಾಡಿದ್ದು ಮಾಡಿದವನಿಗೆ ಪಾಪ (14:23). ಅವರು ಮನಸ್ಸಿಗೆ ವಿರುದ್ಧವಾಗಿ ಬಂದು ಕೂತರೆ ಅವರಿಗದು ಪಾಪವೇ ಆಗುತ್ತದೆ, ಕೂರಿಸಿದ ನಿಮಗೂ ಪಾಲಿದೆ. ಅದೇ ಅಧ್ಯಾಯದ 3ನೇ ವಚನ ಅವರಿಗೂ ಅನ್ವಯಿಸುತ್ತದೆ, ನೋಡುವವರನ್ನು ಅವರು ತೀರ್ಪು ಮಾಡುವಂತಿಲ್ಲ. ಯುವಜನರಲ್ಲಿ ಒಬ್ಬರು ಅವರ ಮನೆಗೆ ಹೋಗಿ, ಚಿತ್ರಕ್ಕೆ ಮುಂಚಿನ ಓದನ್ನು ನೀವೇ ನಡೆಸಿಕೊಡಬೇಕು ಎಂದು ಕೇಳಲಿ. ಲೂಕ 22, 23 ಅವರ ಬಾಯಿಂದಲೇ ಬರಲಿ. ಓದು ಮುಗಿದ ಮೇಲೆ ದೀಪ ಆರಿಸುವ ಮುನ್ನ ಐದು ನಿಮಿಷ ಬಿಡುವು ಕೊಡಿ, ಹೊರಡುವವರು ಯಾರ ಕಣ್ಣಿಗೂ ಬೀಳದೆ ಹೊರಡಬಹುದು.